ಬಾಗಿಲು ಹಿಗ್ಗಿತು

"ಬಾಗಿಲು ಹಿಗ್ಗಿತು."

ವಿಜ್ಞಾನ ಕಥೆಗಾರ ರಾಬರ್ಟ್ ಹೈನ್‌ಲೈನ್ ಅವರ 'ಬಿಯಾಂಡ್ ದಿಸ್ ಹೊರೈಜನ್' ಕಾದಂಬರಿಯಲ್ಲಿ ಬರುವ ವಾಕ್ಯ ಇದು. 1942ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತದಲ್ಲ, ಹಾಗೆ ಬಾಗಿಲು ನಡುವಿನಿಂದ ಸುತ್ತಲೂ ತೆರೆದುಕೊಂಡಿತು ಅನ್ನುವುದು ಚಿತ್ರ. ಆ ಬಾಗಿಲು ಯಾವ ಲೋಹದ್ದು, ಯಾರು ಕಂಡುಹಿಡಿದರು, ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಮಾತೂ ಇಲ್ಲ. ಕಥೆ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಅದಕ್ಕಿಂತ ಮುಂಚಿನ ಎಷ್ಟೋ ಪತ್ರಿಕೆ ಕಥೆಗಳಲ್ಲಿ ಇಂಥ ಬಾಗಿಲು ಬಂದಿದ್ದರೆ ಕಥೆಯೇ ನಿಂತುಬಿಡುತ್ತಿತ್ತು. ಯಾರೋ ಒಬ್ಬ ಪ್ರೊಫೆಸರ್ ಪಕ್ಕದವನಿಗೆ ಅದರ ಯಂತ್ರವನ್ನು ಎರಡು ಪುಟ ವಿವರಿಸುತ್ತಿದ್ದ.

ಈ ಒಂದು ವಾಕ್ಯದ ಬಗ್ಗೆ ಆಮೇಲಿನ ಲೇಖಕರು ತುಂಬಾ ಮಾತಾಡಿದ್ದಾರೆ. ನನಗೆ ಅದು ಮುಖ್ಯ ಅನ್ನಿಸುವುದಕ್ಕೆ ಬೇರೆ ಕಾರಣ ಇದೆ. ವಿಜ್ಞಾನ ಕಥೆ ಬರೆಯುವವರಿಗೆ ಬೇರೆ ಕಥೆಗಾರರಿಗೆ ಇಲ್ಲದ ಒಂದು ಕಷ್ಟ ಇರುತ್ತದೆ. ಇಲ್ಲದ ವಸ್ತುವನ್ನು ಇದೆ ಅಂತ ನಂಬಿಸಬೇಕು. ಯಾವುದನ್ನು ವಿವರಿಸುವುದು, ಯಾವುದನ್ನು ಸುಮ್ನೆ ಬಿಟ್ಟುಬಿಡುವುದು? ಈ ಲೇಖಕರ ಶೈಲಿ ಅಂತ ನಾವು ಏನನ್ನು ಕರೆಯುತ್ತೇವೋ ಅದರ ದೊಡ್ಡ ಪಾಲು ಈ ಆಯ್ಕೆಯಿಂದಲೇ ಹುಟ್ಟಿದ್ದು. ಪದಗಳ ಬಣ್ಣ, ವಾಕ್ಯದ ಉದ್ದ ಎಲ್ಲ ಆಮೇಲೆ ಬರುತ್ತವೆ.

ಎಲ್ಲವನ್ನೂ ವಿವರಿಸುವವರ ಕಡೆಯಿಂದ ನೋಡೋಣ. ಜೂಲ್ ವರ್ನ್ ಅವರಿಗೆ ಅಳತೆ ಅಂದರೆ ಪ್ರೀತಿ. 1865ರ 'ಭೂಮಿಯಿಂದ ಚಂದ್ರನಿಗೆ' ಕಾದಂಬರಿಯಲ್ಲಿ ಮನುಷ್ಯರನ್ನು ಚಂದ್ರನಿಗೆ ಹಾರಿಸುವ ಫಿರಂಗಿಯ ಉದ್ದ 900 ಅಡಿ. ಅದನ್ನು ಯಾವ ಲೋಹದಲ್ಲಿ ಎರಕ ಹೊಯ್ಯಬೇಕು, ಎಷ್ಟು ಮದ್ದು ತುಂಬಬೇಕು, ಎಲ್ಲಿ ನೆಲ ಅಗೆಯಬೇಕು ಅಂತ ಜನ ಸಭೆ ಸೇರಿ ಚರ್ಚಿಸುತ್ತಾರೆ. ಫ್ಲಾರಿಡಾ ಅಂತ ತೀರ್ಮಾನ ಆಗುವ ಹೊತ್ತಿಗೆ ಓದುಗ ಆ ಸಮಿತಿಯ ಸದಸ್ಯನೇ ಆಗಿಬಿಟ್ಟಿರುತ್ತಾನೆ. ಅಷ್ಟು ವೇಗದಲ್ಲಿ ಹಾರಿಸಿದರೆ ಒಳಗಿದ್ದ ಮನುಷ್ಯರು ಅಲ್ಲೇ ಜಜ್ಜಿಹೋಗುತ್ತಾರೆ ಅನ್ನುವುದು ನಿಜ. ಆದರೆ ಓದುವಾಗ ಆ ಅನುಮಾನ ಏಳುವುದಿಲ್ಲ. ಇಷ್ಟೊಂದು ಲೆಕ್ಕ ಹಾಕಿದವರು ಇದನ್ನು ಯೋಚಿಸದೆ ಇರುತ್ತಾರಾ ಅಂತ ನಂಬಿಬಿಡುತ್ತೇವೆ.

'ಸಮುದ್ರದೊಳಗೆ ಇಪ್ಪತ್ತು ಸಾವಿರ ಲೀಗ್'ನಲ್ಲಿ ಇದು ಇನ್ನೂ ಜಾಸ್ತಿ. ನಾಟಿಲಸ್ ಹಡಗು 70 ಮೀಟರ್ ಉದ್ದ, 8 ಮೀಟರ್ ಅಗಲ. ಅದರ ಕಿಟಕಿಯ ಆಚೆ ಮೀನುಗಳು ಬರುತ್ತವೆ. ವರ್ನ್ ಅವುಗಳ ಹೆಸರು ಹೇಳುತ್ತಾ ಹೋಗುತ್ತಾರೆ, ಪುಟಗಟ್ಟಲೆ. ಎಷ್ಟೋ ಓದುಗರು ಆ ಪುಟಗಳನ್ನು ಹಾರಿಸಿ ಓದುತ್ತಾರೆ. ನಾನು ಹಾರಿಸುವುದಿಲ್ಲ. ಅಲ್ಲಿ ಒಂದು ಸೊಗಸಾದ ಜೋಡಿ ಇದೆ. ಕೋನ್ಸೇ ಅನ್ನುವ ಸೇವಕನಿಗೆ ಮೀನುಗಳ ವರ್ಗ, ಕುಟುಂಬ, ಜಾತಿ ಎಲ್ಲ ಬಾಯಿಪಾಠ, ಆದರೆ ಎದುರಿಗೆ ಬಂದ ಮೀನು ಯಾವುದು ಅಂತ ಗೊತ್ತಾಗುವುದಿಲ್ಲ. ನೆಡ್ ಲ್ಯಾಂಡ್ ಅನ್ನುವ ಬೇಟೆಗಾರ ಯಾವ ಮೀನನ್ನಾದರೂ ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ, ಆದರೆ ಅವನ ಪ್ರಕಾರ ಮೀನಿನಲ್ಲಿ ಎರಡೇ ವರ್ಗ: ತಿನ್ನುವಂಥದ್ದು, ತಿನ್ನಬಾರದ್ದು. ವರ್ನ್‌ಗೆ ತನ್ನ ಪಟ್ಟಿಯ ಹುಚ್ಚಿನ ಅರಿವು ಚೆನ್ನಾಗಿ ಇತ್ತು ಅಂತ ಇದರಿಂದ ಗೊತ್ತಾಗುತ್ತದೆ. ಹೆಸರಿಟ್ಟರೆ ಸಮುದ್ರ ನಮ್ಮದಾಗುತ್ತದೆ ಅನ್ನುವ ಹತ್ತೊಂಬತ್ತನೇ ಶತಮಾನದ ಖುಷಿ ಆ ಪುಟಗಳಲ್ಲಿ ತುಂಬಿದೆ.

ಎಚ್. ಜಿ. ವೆಲ್ಸ್ ಅವರನ್ನು ಕಂಡರೆ ವರ್ನ್‌ಗೆ ಸಿಟ್ಟು ಬಂದದ್ದು ಇದೇ ವಿಷಯಕ್ಕೆ. ವೆಲ್ಸ್ 1901ರಲ್ಲಿ ಚಂದ್ರಯಾನದ ಕಥೆ ಬರೆದಾಗ ಗುರುತ್ವಾಕರ್ಷಣೆಯನ್ನೇ ತಡೆಯುವ ಒಂದು ವಸ್ತುವನ್ನು ಕಲ್ಪಿಸಿಕೊಂಡರು. ಆಮೇಲೊಂದು ಸಂದರ್ಶನದಲ್ಲಿ ವರ್ನ್ ಇದನ್ನು ಎತ್ತಿಕೊಂಡರು. ನಾನು ಭೌತಶಾಸ್ತ್ರ ಬಳಸುತ್ತೇನೆ, ಫಿರಂಗಿಯಲ್ಲಿ ಹೋಗುತ್ತೇನೆ, ಆತ ಸುಮ್ಮನೆ ಕಲ್ಪಿಸುತ್ತಾನೆ, ಆ ಲೋಹ ಎಲ್ಲಿದೆ ತೋರಿಸಲಿ ಅನ್ನುವ ಅರ್ಥದ ಮಾತು. ವರ್ನ್ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವರು ವೆಲ್ಸ್ ಅವರ ನಿಜವಾದ ಕೈಚಳಕವನ್ನು ಗಮನಿಸಲಿಲ್ಲ ಅನ್ನಿಸುತ್ತದೆ.

ವೆಲ್ಸ್ ಯಂತ್ರವನ್ನು ನಂಬಿಸುವುದಿಲ್ಲ. ಸಾಕ್ಷಿಗಳನ್ನು ನಂಬಿಸುತ್ತಾರೆ. 1895ರ 'ದಿ ಟೈಮ್ ಮೆಷೀನ್' ತೆಗೆದುಕೊಳ್ಳಿ. ಕಥಾನಾಯಕನಿಗೆ ಹೆಸರಿಲ್ಲ, ಬರೀ ಕಾಲಯಾತ್ರಿ. ಊಟಕ್ಕೆ ಬಂದವರಲ್ಲಿ ಹೆಚ್ಚಿನವರಿಗೂ ಹೆಸರಿಲ್ಲ: ವೈದ್ಯ, ಮನಶ್ಶಾಸ್ತ್ರಜ್ಞ, ಸಂಪಾದಕ, ಹೀಗೆ. ಯಂತ್ರದ ವಿವರಣೆ ಅಂದರೆ ದಂತ, ಸ್ಫಟಿಕ, ನಿಕ್ಕಲ್ ಅನ್ನುವ ಒಂದಿಷ್ಟು ಹೊಳೆಯುವ ಸಾಮಾನು. ಅದು ಹೇಗೆ ಓಡುತ್ತದೆ ಅನ್ನುವುದು ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಒಂದು ಗುರುವಾರ ಊಟದ ಕೋಣೆಯ ಬಾಗಿಲು ತೆರೆಯುತ್ತದೆ. ಕಾಲಯಾತ್ರಿ ಒಳಗೆ ಬರುತ್ತಾನೆ. ಕೋಟು ಧೂಳು, ತೋಳಿನ ಮೇಲೆ ಹಸಿರು ಕಲೆ, ಗಲ್ಲದ ಮೇಲೆ ಅರ್ಧ ಮಾಗಿದ ಗಾಯ, ಕುಂಟುತ್ತಾ ನಡೆಯುತ್ತಿದ್ದಾನೆ. ಕಾಲಿಗೆ ಬೂಟು ಇಲ್ಲ, ರಕ್ತ ಅಂಟಿದ ಹರಕು ಕಾಲುಚೀಲ ಮಾತ್ರ. ಅವನು ಮೊದಲು ಕೇಳುವುದು ಕುಡಿಯಲು ವೈನ್. ಆಮೇಲೆ, ನನಗೂ ಸ್ವಲ್ಪ ಮಾಂಸ ಉಳಿಸಿ ಅನ್ನುತ್ತಾನೆ.

ಕ್ರಿಸ್ತಶಕ 802701ರಿಂದ ವಾಪಸ್ ಬಂದವನು ಹಸಿದಿದ್ದಾನೆ. ಇಲ್ಲಿಗೆ ನಾನು ನಂಬಿಬಿಟ್ಟೆ. ಆ ಕಾಲುಚೀಲ ಇರುವಾಗ ಯಂತ್ರದ ಲೆಕ್ಕ ಯಾರಿಗೆ ಬೇಕು? 1930ರ ದಶಕದಲ್ಲಿ ತಮ್ಮ ಹಳೆಯ ಕಾದಂಬರಿಗಳ ಸಂಗ್ರಹಕ್ಕೆ ಬರೆದ ಮುನ್ನುಡಿಯಲ್ಲಿ ವೆಲ್ಸ್ ಈ ಗುಟ್ಟನ್ನು ತಾವೇ ಬಿಚ್ಚಿಟ್ಟರು. ಅಸಾಧ್ಯವಾದ ಸಂಗತಿ ಒಂದೇ ಒಂದು ಇರಬೇಕು, ಅದನ್ನು ಒಪ್ಪಿಸಿಬಿಟ್ಟ ಮೇಲೆ ಉಳಿದದ್ದೆಲ್ಲ ಮನುಷ್ಯರದ್ದಾಗಿ, ನಿಜವಾಗಿ ಇರಬೇಕು ಅನ್ನುವುದು ಅವರ ನಿಯಮ. ಏನು ಬೇಕಾದರೂ ಆಗಬಹುದಾದ ಕಡೆ ಯಾವುದೂ ಸ್ವಾರಸ್ಯವಾಗಿ ಉಳಿಯುವುದಿಲ್ಲ ಅಂತಲೂ ಹೇಳಿದರು. 'ದಿ ವಾರ್ ಆಫ್ ದಿ ವರ್ಲ್ಡ್ಸ್'ನಲ್ಲಿ ಮಂಗಳ ಗ್ರಹದವರು ಬಂದಿಳಿಯುವುದು ನಕಾಶೆಯಲ್ಲಿ ಸಿಗುವ ಇಂಗ್ಲೆಂಡಿನ ವೋಕಿಂಗ್ ಊರಿನ ಪಕ್ಕದ ಬಯಲಿಗೆ. ಅದೂ ಇದೇ ನಿಯಮದ ಕೆಲಸ.

ಐಸಾಕ್ ಅಸಿಮೋವ್ ಅವರ ಬಗ್ಗೆ ಒಂದು ಮಾತು ಎಲ್ಲ ಕಡೆ ಕೇಳಿಬರುತ್ತದೆ: ವಿಚಾರ ಚೆನ್ನಾಗಿದೆ, ಬರವಣಿಗೆ ಸಪ್ಪೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಬರವಣಿಗೆಯಲ್ಲಿ ಎರಡು ಬಗೆ ಅಂತ ಅಸಿಮೋವ್ ಬರೆದಿದ್ದಾರೆ. ಒಂದು ಬಣ್ಣದ ಗಾಜು, ನೋಡಲು ಚಂದ, ಆದರೆ ಅದರ ಆಚೆ ಏನಿದೆ ಅಂತ ಕಾಣುವುದಿಲ್ಲ. ಇನ್ನೊಂದು ಸಾದಾ ಗಾಜು, ಅದು ಇದೆ ಅಂತಲೇ ಗೊತ್ತಾಗುವುದಿಲ್ಲ, ಆಚೆ ನಡೆಯುವುದು ಮಾತ್ರ ಕಾಣುತ್ತದೆ. ತಾನು ಸಾದಾ ಗಾಜಿನವನು ಅಂತ ಅವರು ಹೇಳಿಕೊಂಡರು. ಒಂದು ದೋಷವೂ ಇಲ್ಲದ ಸಾದಾ ಗಾಜು ಮಾಡುವುದೇ ಹೆಚ್ಚು ಕಷ್ಟ ಅನ್ನುವುದನ್ನೂ ಸೇರಿಸಿದರು.

ಈ ಸಾದಾತನದ ಬಲ ನೋಡಬೇಕಾದರೆ 1941ರ 'ಲಯರ್!' ಕಥೆ ಓದಬೇಕು. ಮನಸ್ಸು ಓದಬಲ್ಲ ರೋಬೋಟ್ ಒಂದಿದೆ. ಮನುಷ್ಯರಿಗೆ ನೋವು ಮಾಡಬಾರದು ಅನ್ನುವುದು ಅದಕ್ಕೆ ಹಾಕಿದ ನಿಯಮ. ಹಾಗಾಗಿ ಪ್ರತಿಯೊಬ್ಬರಿಗೂ ಅವರು ಕೇಳಲು ಬಯಸಿದ್ದನ್ನೇ ಹೇಳುತ್ತದೆ. ರೋಬೋಟ್‌ಗಳ ಮನಶ್ಶಾಸ್ತ್ರಜ್ಞೆ ಸೂಸನ್ ಕ್ಯಾಲ್ವಿನ್‌ಗೆ, ನೀನು ಮೆಚ್ಚಿದವನು ನಿನ್ನನ್ನು ಪ್ರೀತಿಸುತ್ತಾನೆ ಅನ್ನುತ್ತದೆ. ಸುಳ್ಳು ಬಯಲಾದ ಮೇಲೆ ಅವಳು ರೋಬೋಟಿನ ಎದುರು ನಿಂತು ಬಿಡಿಸಲಾಗದ ಗಂಟೊಂದನ್ನು ಮತ್ತೆ ಮತ್ತೆ ಹೇಳುತ್ತಾಳೆ. ಹೇಳಿದರೂ ನೋವು, ಹೇಳದಿದ್ದರೂ ನೋವು. ರೋಬೋಟ್ ಕಿರುಚಿ ಕುಸಿದು ಬೀಳುತ್ತದೆ. ಹೊಡೆತ ಇಲ್ಲ, ಆಯುಧ ಇಲ್ಲ, ಬರೀ ತರ್ಕ. ಬರೀ ಮಾತಿನಿಂದ ಇಷ್ಟು ಕ್ರೂರವಾದ ದೃಶ್ಯ ಕಟ್ಟುವುದು ಸಪ್ಪೆ ಬರಹಗಾರರಿಂದ ಆಗುವ ಕೆಲಸವಲ್ಲ.

ಆದರೂ ಆ ಗಾಜಿಗೆ ಮಿತಿ ಇದೆ. 'ಫೌಂಡೇಶನ್' ಸರಣಿಯಲ್ಲಿ ಸಾಮ್ರಾಜ್ಯಗಳು ಬೀಳುತ್ತವೆ, ನಮಗೆ ಕಾಣುವುದು ಕೋಣೆಯಲ್ಲಿ ಕೂತು ಮಾತಾಡುವ ಗಂಡಸರು. ಎಷ್ಟೋ ವರ್ಷಗಳ ನಂತರ ಸರಣಿಯನ್ನು ಮುಂದುವರಿಸಲು ಹಳೆಯ ಪುಸ್ತಕಗಳನ್ನು ಮತ್ತೆ ಓದಿದಾಗ ಅಸಿಮೋವ್‌ಗೇ ಕಸಿವಿಸಿಯಾಯಿತಂತೆ. ಏನಾದರೂ ಆಗುತ್ತದೆ ಅಂತ ಕಾಯುತ್ತಾ ಹೋದರೆ ಏನೂ ಆಗಲೇ ಇಲ್ಲ, ಬರೀ ಯೋಚನೆ ಮತ್ತು ಸಂಭಾಷಣೆ ಅಂತ ಬರೆದುಕೊಂಡಿದ್ದಾರೆ. ಆದರೂ ಜನ ಓದುತ್ತಲೇ ಇದ್ದರು.

ಅಸಿಮೋವ್ ಶೈಲಿಯ ಬಗ್ಗೆ ನನಗೆ ತುಂಬಾ ಇಷ್ಟವಾದ ಪ್ರಸಂಗ 'ನೈಟ್‌ಫಾಲ್' ಕಥೆಯದ್ದು. ಅದೂ 1941ರದ್ದೇ, ಆಗ ಅವರಿಗೆ 21 ವರ್ಷ. ಆರು ಸೂರ್ಯರಿರುವ ಲಗಾಶ್ ಅನ್ನುವ ಗ್ರಹ. ಅಲ್ಲಿ 2049 ವರ್ಷಕ್ಕೊಮ್ಮೆ ಮಾತ್ರ ರಾತ್ರಿ. ಕಥೆಯ ಕೊನೆಗೆ ಕತ್ತಲಾಗಿ ನಕ್ಷತ್ರಗಳು ಕಾಣಿಸಿಕೊಳ್ಳುತ್ತವೆ. ಅಲ್ಲೊಂದು ಭವ್ಯವಾದ ಪ್ಯಾರಾ ಇದೆ: ಭೂಮಿಯಿಂದ ಕಾಣುವ ಮೂರು ಸಾವಿರದ ಆರುನೂರು ಮಂಕು ನಕ್ಷತ್ರಗಳಲ್ಲ, ಮೂವತ್ತು ಸಾವಿರ ಬಲಿಷ್ಠ ಸೂರ್ಯರು ಅಂತ. ಆ ಪ್ಯಾರಾ ಅಸಿಮೋವ್ ಬರೆದದ್ದೇ ಅಲ್ಲ. ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಸೇರಿಸಿದ್ದು. ಅಸಿಮೋವ್‌ಗೆ ಅದರ ಬಗ್ಗೆ ಅಸಮಾಧಾನ ಇತ್ತು, ಅದಕ್ಕೆ ಸರಿಯಾದ ಕಾರಣವೂ ಇತ್ತು. ಇಡೀ ಕಥೆಯಲ್ಲಿ ಭೂಮಿಯ ಹೆಸರೇ ಇಲ್ಲ. ಲಗಾಶ್ ಜನರ ಅರಿವಿನ ಒಳಗೇ ನಾವು ಇರಬೇಕು ಅಂತ ಅವರು ಎಚ್ಚರದಿಂದ ಕಟ್ಟಿದ್ದರು. ಒಂದೇ ಪದ ಆ ಗೋಡೆಯನ್ನು ಒಡೆಯಿತು. ಅಸಿಮೋವ್‌ಗೂ ಕಾವ್ಯಮಯವಾಗಿ ಬರೆಯಲು ಬರುತ್ತದೆ ಅನ್ನುವುದಕ್ಕೆ ಮುಂದೆ ಅದೇ ಪ್ಯಾರಾವನ್ನು ಉದಾಹರಣೆಯಾಗಿ ಕೊಟ್ಟವರೂ ಇದ್ದರು. ಅಬ್ಬರದ ಪ್ಯಾರಾ ತೆಗೆದು ಆ ಕೊನೆಯ ಪುಟವನ್ನು ಓದಿ ನೋಡಿ. ಕಥೆ ಇನ್ನೂ ಗಟ್ಟಿಯಾಗುತ್ತದೆ.

ಅದೇ ತಲೆಮಾರಿನ ಆರ್ಥರ್ ಸಿ. ಕ್ಲಾರ್ಕ್ ಕೂಡ ಸಾದಾ ಬರಹಗಾರರೇ. ಆದರೆ ಅವರ ಸಾದಾತನಕ್ಕೆ ಬೇರೆ ಉದ್ದೇಶ. ಅಸಿಮೋವ್ ಕಥೆಯಲ್ಲಿ ಜನ ವಾದ ಮಾಡುತ್ತಾರೆ, ಕ್ಲಾರ್ಕ್ ಕಥೆಯಲ್ಲಿ ನೋಡುತ್ತಾರೆ. 1953ರ 'ದಿ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್' ಕಥೆಯಲ್ಲಿ ಟಿಬೆಟ್ಟಿನ ಮಠವೊಂದು ದೇವರ ಎಲ್ಲ ಹೆಸರುಗಳನ್ನು ಬರೆದು ಮುಗಿಸಲು ಕಂಪ್ಯೂಟರ್ ತರಿಸುತ್ತದೆ. ಕೈಯಲ್ಲಿ ಬರೆದರೆ 15,000 ವರ್ಷ ಹಿಡಿಯುವ ಕೆಲಸ, ಯಂತ್ರಕ್ಕೆ ಸುಮಾರು ನೂರು ದಿನ. ಹೆಸರುಗಳು ಮುಗಿದರೆ ಜಗತ್ತೂ ಮುಗಿಯುತ್ತದೆ ಅಂತ ಸನ್ಯಾಸಿಗಳ ನಂಬಿಕೆ. ಇಬ್ಬರು ಎಂಜಿನಿಯರುಗಳು ಕೆಲಸ ಮುಗಿಯುವ ಹೊತ್ತಿಗೆ ಕುದುರೆ ಏರಿ ಕೆಳಗೆ ಇಳಿಯುತ್ತಿರುತ್ತಾರೆ. ವಿಮಾನ ತಪ್ಪದಿದ್ದರೆ ಸಾಕು ಅನ್ನುವುದು ಅವರ ಚಿಂತೆ. ಆಮೇಲೆ ಕೊನೆಯ ವಾಕ್ಯ: ತಲೆಯ ಮೇಲೆ, ಯಾವ ಗದ್ದಲವೂ ಇಲ್ಲದೆ, ನಕ್ಷತ್ರಗಳು ಆರಿಹೋಗುತ್ತಿದ್ದವು.

ಆ ವಾಕ್ಯದಲ್ಲಿ 'ಯಾವ ಗದ್ದಲವೂ ಇಲ್ಲದೆ' ಅನ್ನುವ ಭಾಗವೇ ಇಡೀ ಕ್ಲಾರ್ಕ್. ಬೇರೆ ಯಾರೇ ಆಗಿದ್ದರೂ ಅಲ್ಲಿ ಗುಡುಗು ತರುತ್ತಿದ್ದರು. ಕ್ಲಾರ್ಕ್ ವರದಿ ಕೊಟ್ಟು ನಿಲ್ಲುತ್ತಾರೆ. ಮುಂದಿನ ಪ್ರಶ್ನೆಗಳೆಲ್ಲ ಓದುಗನ ಪಾಲಿಗೆ.

ರೇ ಬ್ರಾಡ್‌ಬರಿ ಇದರ ಪೂರ್ತಿ ಉಲ್ಟಾ. ಅವರಿಗೆ ಯಂತ್ರ ಹೇಗೆ ಓಡುತ್ತದೆ ಅನ್ನುವುದರಲ್ಲಿ ಆಸಕ್ತಿಯೇ ಇಲ್ಲ. ಅವರೂ 1950ರಲ್ಲಿ ಒಂದು ಲೋಕಾಂತ್ಯದ ಕಥೆ ಬರೆದರು, 'ದೇರ್ ವಿಲ್ ಕಮ್ ಸಾಫ್ಟ್ ರೇನ್ಸ್'. ತಾನೇ ತಾನಾಗಿ ನಡೆಯುವ ಒಂದು ಮನೆ. ಗಡಿಯಾರ ಹಾಡಿ ಎಬ್ಬಿಸುತ್ತದೆ, ಒಲೆ ಎಂಟು ಟೋಸ್ಟ್, ಎಂಟು ಮೊಟ್ಟೆ ಸಿದ್ಧ ಮಾಡುತ್ತದೆ. ತಿನ್ನಲು ಯಾರೂ ಬರುವುದಿಲ್ಲ. ಹೊರಗೋಡೆ ಸುಟ್ಟು ಕಪ್ಪಾಗಿದೆ, ಐದು ಜಾಗ ಬಿಟ್ಟು. ಹುಲ್ಲು ಕತ್ತರಿಸುತ್ತಿದ್ದ ಗಂಡಸು, ಹೂ ಕೀಳಲು ಬಗ್ಗಿದ ಹೆಂಗಸು, ಕೈ ಮೇಲೆತ್ತಿದ ಹುಡುಗ, ಗಾಳಿಯಲ್ಲಿದ್ದ ಚೆಂಡು, ಅದನ್ನು ಹಿಡಿಯಲು ನಿಂತ ಹುಡುಗಿ. ಇಷ್ಟು ಆಕಾರಗಳಲ್ಲಿ ಮಾತ್ರ ಹಳೆಯ ಬಣ್ಣ ಉಳಿದಿದೆ. ಬಾಂಬಿನ ಬಗ್ಗೆ ವಿವರಣೆ ಇಲ್ಲ, ಯುದ್ಧ ಯಾಕಾಯಿತು ಅಂತ ಇಲ್ಲ. ಆ ಗೋಡೆ ಸಾಕು.

ಕಥೆಯ ಕೊನೆಗೆ ಮನೆಗೆ ಬೆಂಕಿ ಬೀಳುತ್ತದೆ. ಅಲ್ಲಿಂದ ಬ್ರಾಡ್‌ಬರಿ ಕ್ರಿಯಾಪದಗಳನ್ನು ಸಡಿಲ ಬಿಡುತ್ತಾರೆ. ಬೆಂಕಿ ತಿನ್ನುತ್ತದೆ, ಮಲಗುತ್ತದೆ, ಕಿಟಕಿಯಲ್ಲಿ ನಿಲ್ಲುತ್ತದೆ. ಮನೆ ನಡುಗುತ್ತದೆ, ಕೂಗುತ್ತದೆ. ಕ್ಲಾರ್ಕ್ ಒಂದು ವಾಕ್ಯದಲ್ಲಿ ಮುಗಿಸಿದ್ದನ್ನು ಇವರು ಉಸಿರುಗಟ್ಟುವ ಹಾಗೆ ಪುಟಗಳ ಮೇಲೆ ಹರಡುತ್ತಾರೆ. ಬ್ರಾಡ್‌ಬರಿ ಕೆಲವು ಕಡೆ ಉಪಮೆಗಳನ್ನು ಅತಿಯಾಗಿ ಸುರಿಯುತ್ತಾರೆ, ನನಗೆ ಸುಸ್ತಾಗುವಷ್ಟು. ಈ ಕಥೆಯಲ್ಲಿ ಮಾತ್ರ ಒಂದೂ ಹೆಚ್ಚಾಗಿಲ್ಲ. ಮನುಷ್ಯರೇ ಇಲ್ಲದ ಕಥೆಯಲ್ಲಿ ಜೀವ ಇರಬೇಕಾದರೆ ವಸ್ತುಗಳಿಗೇ ಜೀವ ಕೊಡಬೇಕಲ್ವಾ?

ಫಿಲಿಪ್ ಕೆ. ಡಿಕ್ ಅವರ ವಾಕ್ಯಗಳಲ್ಲಿ ಇಂಥ ಅಂದ ಹುಡುಕಿದರೆ ಸಿಗುವುದಿಲ್ಲ. ಅವಸರದಲ್ಲಿ ಬರೆದದ್ದು ಕಾಣುತ್ತದೆ. ಆದರೆ ಬಾಗಿಲಿನ ಮಾತು ಬಂದಾಗ ಅವರನ್ನು ಬಿಡುವ ಹಾಗಿಲ್ಲ. 1969ರ 'ಯೂಬಿಕ್'ನಲ್ಲಿ ಜೋ ಚಿಪ್ ತನ್ನ ಮನೆಯಿಂದ ಹೊರಗೆ ಹೋಗಬೇಕು. ಬಾಗಿಲು ತೆರೆಯುವುದಿಲ್ಲ, ಐದು ಸೆಂಟ್ ಕೊಡು ಅನ್ನುತ್ತದೆ. ಅವನ ಹತ್ತಿರ ಚಿಲ್ಲರೆ ಇಲ್ಲ. ನಾಳೆ ಕೊಡುತ್ತೇನೆ ಅನ್ನುತ್ತಾನೆ, ಅದು ಒಪ್ಪುವುದಿಲ್ಲ. ಕೊಡಲೇಬೇಕು ಅಂತೇನಿಲ್ಲ ಅನ್ನುತ್ತಾನೆ, ಬಾಗಿಲು ಕರಾರುಪತ್ರ ನೋಡು ಅನ್ನುತ್ತದೆ. ನೋಡಿದರೆ ಬಾಗಿಲಿನ ಮಾತೇ ಸರಿ. ಕೊನೆಗೆ ಚಾಕು ತಂದು ಸ್ಕ್ರೂ ಬಿಚ್ಚಲು ಕೂರುತ್ತಾನೆ. ನಿನ್ನ ಮೇಲೆ ಕೇಸ್ ಹಾಕುತ್ತೇನೆ ಅನ್ನುತ್ತದೆ ಬಾಗಿಲು.

ಹೈನ್‌ಲೈನ್ ಅವರ ಬಾಗಿಲು ಹಿಗ್ಗಿದಾಗ ಭವಿಷ್ಯ ನಮ್ಮನ್ನು ಒಳಗೆ ಕರೆಯಿತು. ಡಿಕ್ ಅವರ ಬಾಗಿಲು ನಮ್ಮನ್ನು ಸಾಲಗಾರರನ್ನಾಗಿ ನಿಲ್ಲಿಸುತ್ತದೆ. ಎರಡೂ ಕಡೆ ತಂತ್ರಜ್ಞಾನದ ವಿವರಣೆ ಇಲ್ಲ. ಹೈನ್‌ಲೈನ್ ಲೋಕದಲ್ಲಿ ವಿವರಿಸದೆ ಇರುವುದು ಆತ್ಮವಿಶ್ವಾಸ. ಡಿಕ್ ಲೋಕದಲ್ಲಿ ಅದು ದಣಿವು. ಬಾಗಿಲು ಮಾತಾಡುವುದು ಜೋ ಚಿಪ್‌ಗೆ ಅಚ್ಚರಿಯೇ ಅಲ್ಲ, ಕೈಯಲ್ಲಿ ಕಾಸಿಲ್ಲ ಅನ್ನುವುದೇ ಅವನ ಪಾಡು. ಡಿಕ್ ಅವರ ಗದ್ಯದ ಬಣ್ಣಗೆಟ್ಟ ಗುಣ ಆ ಪಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಅದೇ ದೃಶ್ಯವನ್ನು ಬ್ರಾಡ್‌ಬರಿ ಬರೆದಿದ್ದರೆ ಆ ಬಾಗಿಲಿನ ಮೇಲೆ ನಮಗೆ ಮರುಕ ಬಂದುಬಿಡುತ್ತಿತ್ತು.

ಅರ್ಸುಲಾ ಲೆ ಗ್ವಿನ್ ಅವರ ಹತ್ತಿರ ಬಂದಾಗ ನಾನು ನಿಧಾನವಾಗಿ ಓದಲು ಶುರು ಮಾಡುತ್ತೇನೆ. 1969ರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಶುರುವಾಗುವುದೇ ಒಂದು ಒಪ್ಪಂದದಿಂದ: ನನ್ನ ವರದಿಯನ್ನು ಕಥೆಯ ಹಾಗೆ ಹೇಳುತ್ತೇನೆ. ಗೆಥೆನ್ ಗ್ರಹದ ಜನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ತಿಂಗಳಲ್ಲಿ ಕೆಲವು ದಿನ ಮಾತ್ರ ಒಂದು ಲಿಂಗ ತಳೆಯುತ್ತಾರೆ. ಇದನ್ನು ವಿವರಿಸಲು ಲೆ ಗ್ವಿನ್ ಒಬ್ಬ ಪ್ರೊಫೆಸರನ್ನು ನಿಲ್ಲಿಸುವುದಿಲ್ಲ. ನಡುನಡುವೆ ಆ ಜನರ ಪುರಾಣಕಥೆ ಬರುತ್ತದೆ, ಹಳೆಯ ವೀಕ್ಷಕರೊಬ್ಬರ ಟಿಪ್ಪಣಿ ಬರುತ್ತದೆ. ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞ. ಒಂದು ಜನಾಂಗವನ್ನು ಅದರ ಕಥೆಗಳಿಂದ ತಿಳಿಯಬೇಕು ಅನ್ನುವ ಶಿಸ್ತು ಆ ಮನೆಯಲ್ಲಿ ಇತ್ತು.

ರಾಜ ಗರ್ಭಿಣಿ ಅನ್ನುವ ವಾಕ್ಯ ಆ ಕಾದಂಬರಿಯಲ್ಲಿ ತಣ್ಣಗೆ ಬಂದು ಹೋಗುತ್ತದೆ. ಎಲ್ಲರೂ ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ. ನನ್ನನ್ನು ಹಿಡಿದದ್ದು ಹಿಮದ ಪಯಣದ ಭಾಗ. ಭೂಮಿಯಿಂದ ಬಂದ ಗೆನ್ಲಿ ಐ ಮತ್ತು ಗೆಥೆನ್ನಿನ ಎಸ್ಟ್ರಾವೆನ್ ಇಬ್ಬರೇ ಜಾರುಬಂಡಿ ಎಳೆದುಕೊಂಡು ಮಂಜುಗಡ್ಡೆಯ ಬಯಲು ದಾಟುತ್ತಾರೆ. ಕೆಲವು ಅಧ್ಯಾಯ ಗೆನ್ಲಿ ಬರೆದದ್ದು, ಕೆಲವು ಎಸ್ಟ್ರಾವೆನ್ ಬರೆದ ದಿನಚರಿ. ಅದುವರೆಗೆ ಗೆನ್ಲಿ ಕಣ್ಣಿನಿಂದ ನೋಡಿ ಎಸ್ಟ್ರಾವೆನ್‌ನನ್ನು ಸಂಶಯಿಸುತ್ತಿದ್ದ ನಮಗೆ, ಆ ದಿನಚರಿಯ ಒಳಗೆ ಕೂತ ಮೇಲೆ ವಿಚಿತ್ರವಾಗಿ ಕಾಣುವುದು ಗೆನ್ಲಿಯೇ. ಅನ್ಯರು ಅಂದರೆ ಯಾರು ಅನ್ನುವ ಪ್ರಶ್ನೆಯನ್ನು ಒಂದು ವಾಕ್ಯದಲ್ಲೂ ಕೇಳದೆ, ಲೇಖನಿ ಬದಲಾಯಿಸಿ ಕೇಳಿದ್ದಾರೆ. ಆ ಪುಸ್ತಕದಲ್ಲಿ ಎಲ್ಲರಿಗೂ 'ಅವನು' ಅಂತಲೇ ಬಳಸಿದ್ದರ ಬಗ್ಗೆ ಲೆ ಗ್ವಿನ್ ಮುಂದೆ ತಮ್ಮನ್ನೇ ಕಟುವಾಗಿ ಪ್ರಶ್ನಿಸಿಕೊಂಡರು. ಇಷ್ಟು ಪ್ರಾಮಾಣಿಕವಾಗಿ ತಮ್ಮ ವಾಕ್ಯಗಳನ್ನು ಮತ್ತೆ ತಿರುಗಿ ನೋಡಿದವರು ಕಡಿಮೆ.

ಇನ್ನು ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್. 1961ರ 'ಸೋಲಾರಿಸ್' ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಸತ್ತ ಪ್ರೇಯಸಿ ಮರಳಿ ಬರುವ ಪ್ರಸಂಗ. ಆಕೆ ಮುಚ್ಚಿದ ಬಾಗಿಲನ್ನು ಬರಿಗೈಯಲ್ಲಿ ಸೀಳಿಕೊಂಡು ಬರುವ ದೃಶ್ಯ ಭಯಂಕರವಾಗಿದೆ ನಿಜ. ಆದರೆ ಲೆಮ್ ಅವರ ಮಹತ್ವ ಇರುವುದು ಎಷ್ಟೋ ಜನ ಹಾರಿಸಿ ಓದುವ ಗ್ರಂಥಾಲಯದ ಅಧ್ಯಾಯಗಳಲ್ಲಿ. ಕಥಾನಾಯಕ ಕೆಲ್ವಿನ್ ಸೋಲಾರಿಸ್ ಗ್ರಹದ ಸಂಶೋಧನಾ ನಿಲ್ದಾಣದ ಗ್ರಂಥಾಲಯದಲ್ಲಿ ಕೂತು ಆ ಗ್ರಹದ ಸಾಗರದ ಬಗ್ಗೆ ಬಂದ ಸಂಶೋಧನೆಗಳನ್ನು ಓದುತ್ತಾನೆ. ಸಾಗರದಿಂದ ಏಳುವ ಆಕಾರಗಳಿಗೆ ಮಿಮಾಯ್ಡ್, ಸಿಮಿಟ್ರಿಯಾಡ್ ಅಂತ ಹೆಸರುಗಳು. ಒಂದೊಂದಕ್ಕೂ ಸಿದ್ಧಾಂತ, ಪಂಥ, ಜಗಳ. ಸಂಪುಟಗಳು ಬೆಳೆಯುತ್ತವೆ. ಸಾಗರ ಏನು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇದು ವರ್ನ್ ಅವರ ಮೀನಿನ ಪುಟಗಳದ್ದೇ ಶೈಲಿ. ಅದೇ ಹೆಸರಿಡುವ ಹಠ, ಅದೇ ವರ್ಗೀಕರಣ, ಅದೇ ಗಂಭೀರ ವಿದ್ವಾಂಸನ ದನಿ. ವರ್ನ್ ಕಿಟಕಿಯ ಆಚೆ ಇದ್ದ ಸಮುದ್ರ ಪ್ರತಿ ಹೆಸರಿಗೂ ಒಂದಿಷ್ಟು ಹತ್ತಿರ ಬರುತ್ತಿತ್ತು. ಲೆಮ್ ಅವರ ಸಾಗರ ಪ್ರತಿ ಹೆಸರಿಗೂ ದೂರ ಸರಿಯುತ್ತದೆ. ಎರಡರ ನಡುವೆ ಹತ್ತಿರ ಹತ್ತಿರ ತೊಂಬತ್ತು ವರ್ಷ, ಎರಡು ಮಹಾಯುದ್ಧ. ಲೆಮ್ ನಾಜಿ ಆಕ್ರಮಣವನ್ನು ಕಣ್ಣಾರೆ ಕಂಡ ಯಹೂದಿ ಮನೆತನದವರು. ಮನುಷ್ಯನ ತಿಳಿವಳಿಕೆಯ ಮೇಲೆ ವರ್ನ್‌ಗೆ ಇದ್ದ ಭರವಸೆ ಅವರಿಗೆ ಇರಲು ಸಾಧ್ಯವಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಇಡೀ ಪ್ರಕಾರದಲ್ಲಿ ಇಷ್ಟು ಆಳವಾಗಿ ಒಬ್ಬರಿಗೊಬ್ಬರು ಉತ್ತರ ಕೊಡುವ ಇನ್ನೆರಡು ಪುಸ್ತಕಗಳು ನನಗೆ ಸಿಕ್ಕಿಲ್ಲ.

ಇನ್ನೊಂದು ಜೋಡಿ ಸ್ವಲ್ಪ ಹತ್ತಿರ ಬರುತ್ತದೆ. ವೆಲ್ಸ್ ತಮ್ಮ ಕಾಲಯಾನದ ಯಂತ್ರವನ್ನು ಹೊಳಪಿನ ಹಿಂದೆ ಅಡಗಿಸಿದರು. 1979ರಲ್ಲಿ ಆಕ್ಟೇವಿಯಾ ಬಟ್ಲರ್ 'ಕಿಂಡ್ರೆಡ್' ಬರೆದಾಗ ಯಂತ್ರವನ್ನೇ ತೆಗೆದುಹಾಕಿದರು. ಡೇನಾ ಅನ್ನುವ ಕಪ್ಪು ಹೆಣ್ಣುಮಗಳು 1976ರ ಕ್ಯಾಲಿಫೋರ್ನಿಯಾದ ತನ್ನ ಹೊಸ ಮನೆಯಲ್ಲಿ ಪುಸ್ತಕ ಜೋಡಿಸುತ್ತಿರುತ್ತಾಳೆ. ತಲೆ ಸುತ್ತುತ್ತದೆ. ಕಣ್ಣು ಬಿಟ್ಟರೆ ಗುಲಾಮಗಿರಿಯ ಕಾಲದ ಮೇರಿಲ್ಯಾಂಡ್. ಯಾಕೆ, ಹೇಗೆ ಅನ್ನುವುದಕ್ಕೆ ಕೊನೆಯವರೆಗೂ ವಿಜ್ಞಾನದ ಉತ್ತರ ಇಲ್ಲ. ಇದು ವಿಜ್ಞಾನ ಕಥೆಯೇ ಅಲ್ಲ ಅಂತ ಬಟ್ಲರ್ ಅವರೇ ಹೇಳುತ್ತಿದ್ದರು. ಕಾದಂಬರಿಯ ಮೊದಲ ವಾಕ್ಯ, ಕಳೆದ ಸಲ ಮನೆಗೆ ವಾಪಸ್ ಬರುವಾಗ ನನ್ನ ಒಂದು ತೋಳು ಹೋಯಿತು ಅನ್ನುತ್ತದೆ. ಕಾಲಯಾತ್ರಿಯ ರಕ್ತ ಅಂಟಿದ ಕಾಲುಚೀಲ ಮಾಡಿದ ಕೆಲಸವನ್ನೇ ಈ ತೋಳು ಮಾಡುತ್ತದೆ. ಆದರೆ ವೆಲ್ಸ್ ನಾಯಕ ಊಟ ಮುಗಿಸಿ ಕಥೆ ಹೇಳಬಲ್ಲ. ಅವನ ಸುತ್ತ ಕೇಳಲು ಕೂತ ಗಂಡಸರಿದ್ದಾರೆ, ನಂಬಲಿ ಬಿಡಲಿ ಅವನಿಗೆ ಏನೂ ಆಗುವುದಿಲ್ಲ. ಡೇನಾ ಆಸ್ಪತ್ರೆಯಲ್ಲಿದ್ದಾಳೆ. ಅವಳ ಗಂಡನೇ ಹೊಡೆದಿರಬೇಕು ಅಂತ ಪೊಲೀಸರಿಗೆ ಅನುಮಾನ. ನಿಜ ಹೇಳಿದರೆ ಯಾರೂ ನಂಬುವುದಿಲ್ಲ ಅಂತ ಅವಳಿಗೂ ಗೊತ್ತು, ಗಂಡನಿಗೂ ಗೊತ್ತು. ನಂಬಿಸುವ ಕಷ್ಟವನ್ನು ಬಟ್ಲರ್ ತಮ್ಮ ಹೆಗಲಿಂದ ಇಳಿಸಿ ಪಾತ್ರದ ಹೆಗಲಿಗೆ ಹಾಕಿದರು.

ಈ ಲೇಖಕರನ್ನು ಹೊಸದಾಗಿ ಓದುವವರು ಒಬ್ಬೊಬ್ಬರನ್ನೇ ಮುಗಿಸುತ್ತಾ ಹೋಗುವುದಕ್ಕಿಂತ ಜೋಡಿಯಾಗಿ ಓದಿ ಅನ್ನುತ್ತೇನೆ. ಕ್ಲಾರ್ಕ್ ಮತ್ತು ಬ್ರಾಡ್‌ಬರಿಯ ಆ ಎರಡು ಸಣ್ಣ ಕಥೆಗಳು ಒಂದೇ ಸಂಜೆಗೆ ಮುಗಿಯುತ್ತವೆ, ಮೊದಲು ಕ್ಲಾರ್ಕ್, ಆಮೇಲೆ ಬ್ರಾಡ್‌ಬರಿ. ವೆಲ್ಸ್ ಆದ ಮೇಲೆ ಬಟ್ಲರ್ ಓದಿ. ವರ್ನ್ ಮತ್ತು ಲೆಮ್ ಜೋಡಿಗೆ ಜಾಸ್ತಿ ಸಮಯ ಬೇಕು. ಆದರೆ ಅಲ್ಲಿ ಮೀನಿನ ಪುಟಗಳನ್ನಾಗಲಿ, ಗ್ರಂಥಾಲಯದ ಪುಟಗಳನ್ನಾಗಲಿ ದಯವಿಟ್ಟು ಹಾರಿಸಬೇಡಿ.